ದಕ್ಕೆಯ ಹಾವು, ಚಳ್ಳಕೆರೆಯ ಹಾವು: ಮನೆತನ ಒಂದೇ

ಮಂಗಳೂರಿನ ದಕ್ಕೆಯಲ್ಲಿ ಬಲೆ ಕೊಡವುವಾಗ ಬೂತಾಯಿ, ಬಂಗುಡೆಯ ಜೊತೆ ಒಂದೊಂದು ಸಲ ಹಾವೂ ಬೀಳುತ್ತದೆ. ಕಲಾಸಿಗಳು ಅದರ ಬಾಲ ಹಿಡಿದು ಎತ್ತಿ ನೀರಿಗೆ ಬಿಸಾಡುತ್ತಾರೆ. "ಕಡಲಿನ ಹಾವು ಕಚ್ಚುವುದಿಲ್ಲ ಮಾರಾಯ್ರೇ" ಎಂಬ ಮಾತು ಕೇಳಲಿಕ್ಕೆ ಸಿಗುವುದೂ ಅಲ್ಲೇ. ಅದೇ ಮನೆಯ ಇನ್ನೊಬ್ಬ ಮಗ ಘಟ್ಟ ಹತ್ತಿ ಚಳ್ಳಕೆರೆಯಲ್ಲೋ ಮೊಳಕಾಲ್ಮೂರಿನಲ್ಲೋ ಬೇಕರಿಗೋ ಹೋಟೆಲಿಗೋ ಸೇರಿರುತ್ತಾನೆ. ರಾತ್ರಿ ಶಟರ್ ಎಳೆದು ಒಳಗೆ ನೆಲದ ಮೇಲೆ ಚಾಪೆ ಹಾಸಿ ಮಲಗುತ್ತಾನೆ. ಊರಲ್ಲಿರುವ ಉಮ್ಮನಿಗೆ ಕಡಲಿಗೆ ಹೋದ ಮಗನದ್ದೇ ಚಿಂತೆ. ಬಯಲುಸೀಮೆಯಲ್ಲಿ ಕಡಲೂ ಇಲ್ಲ, ಕಾಡೂ ಇಲ್ಲ, ಅಲ್ಲಿ ಎಂತ ಹೆದರಿಕೆ?

ಹಾವಿನ ಲೆಕ್ಕದಲ್ಲಿ ನೋಡಿದರೆ ಆ ಇಬ್ಬರೂ ಒಂದೇ ಮನೆತನದ ನೆರೆಕರೆಯಲ್ಲಿ ಬದುಕುತ್ತಿದ್ದಾರೆ. ದಕ್ಕೆಯ ಬಲೆಗೆ ಬೀಳುವ ಸಮುದ್ರ ಹಾವು, ಚಳ್ಳಕೆರೆಯ ಶೇಂಗಾ ಹೊಲದ ನಾಗರ ಹಾವು, ಅಂಗಡಿಯ ಮೂಲೆಗೆ ಇಲಿ ಹುಡುಕಿಕೊಂಡು ಬರುವ ಕಟ್ಟು ಹಾವು, ಮೂರೂ ವಿಜ್ಞಾನಿಗಳು ಎಲಾಪಿಡೆ ಅಂತ ಕರೆಯುವ ಒಂದೇ ಕುಟುಂಬಕ್ಕೆ ಸೇರಿದವು. ನಮ್ಮ ಮಾತಿನಲ್ಲಿ ನಾಗರ ಕುಟುಂಬ ಅನ್ನೋಣ. ಈ ವಾರ ಆ ಕುಟುಂಬದ ಗುರುತು ಹಿಡಿಯುವ ಬಗ್ಗೆ ಬರೆಯುತ್ತಿದ್ದೇವೆ. ಇದು ಬರೀ ಪಾಠಪುಸ್ತಕದ ವಿಷಯವಲ್ಲ. ಯಾವ ಕುಟುಂಬದ ಹಾವು ಎಂಬುದರ ಮೇಲೆ ಕಡಿತದ ಲಕ್ಷಣ ನಿಂತಿದೆ, ಆಸ್ಪತ್ರೆಯಲ್ಲಿ ಕೊಡುವ ಔಷಧ ಕೆಲಸ ಮಾಡುತ್ತದೋ ಇಲ್ಲವೋ ಎಂಬುದೂ ನಿಂತಿದೆ.

ಸಂಬಂಧ ಗೊತ್ತಾಗುವುದು ಹೇಗೆ?

ಬಣ್ಣ, ಪಟ್ಟೆ, ಉದ್ದ ನೋಡಿ ಹಾವಿನ ಜಾತಿ ಹೇಳುವುದು ನಮಗೆಲ್ಲ ಅಭ್ಯಾಸ. ವಿಜ್ಞಾನಿಗಳು ಬಣ್ಣವನ್ನು ಅಷ್ಟಾಗಿ ನಂಬುವುದಿಲ್ಲ. ಅವರು ನೋಡುವುದು ಹಲ್ಲು ಮತ್ತು ಹುರುಪೆ. ನಾಗರ ಕುಟುಂಬದ ಹಾವುಗಳಿಗೆ ವಿಷದ ಹಲ್ಲು ಬಾಯಿಯ ಮುಂಭಾಗದಲ್ಲಿ ಗಿಡ್ಡವಾಗಿ, ಅಲ್ಲಾಡದ ಹಾಗೆ ನಿಂತಿರುತ್ತದೆ. ಕೊಳಕು ಮಂಡಲದಂಥ ಮಂಡಲ ಕುಟುಂಬದ ಹಾವುಗಳಿಗೆ ಹಾಗಲ್ಲ. ಅವುಗಳದ್ದು ಉದ್ದ ಹಲ್ಲು, ಪೇನಾಕತ್ತಿಯ ಹಾಗೆ ಮಡಚಿ ಒಳಗೆ ಇಟ್ಟುಕೊಂಡು ಕಚ್ಚುವಾಗ ಬಿಚ್ಚುತ್ತವೆ.

ಇನ್ನೊಂದು ಗುರುತು ಮುಖದಲ್ಲಿದೆ. ಕೇರೆ ಹಾವಿನಂಥ ಸಾಮಾನ್ಯ ಹಾವುಗಳಲ್ಲಿ ಮೂಗಿನ ಹುರುಪೆಗೂ ಕಣ್ಣಿನ ಮುಂದಿನ ಹುರುಪೆಗೂ ನಡುವೆ ಸಣ್ಣದೊಂದು ಹುರುಪೆ ಇರುತ್ತದೆ. ನಾಗರ ಕುಟುಂಬದಲ್ಲಿ ಆ ಒಂದು ಹುರುಪೆ ಇಲ್ಲ. ಚಳ್ಳಕೆರೆಯ ನಾಗರನಿಗೂ ಇಲ್ಲ, ದಕ್ಕೆಯ ಸಮುದ್ರ ಹಾವಿಗೂ ಇಲ್ಲ, ಘಟ್ಟದ ಕಾಳಿಂಗ ಸರ್ಪಕ್ಕೂ ಇಲ್ಲ. ಬಲೆಯಲ್ಲಿರುವ ಹಾವಿನ ಮುಖದ ಹತ್ತಿರ ಬಗ್ಗಿ ಇದನ್ನು ಹುಡುಕಲಿಕ್ಕೆ ಯಾರೂ ಹೋಗಬಾರದು ಅಂತ ಬೇರೆ ಹೇಳಬೇಕಾಗಿಲ್ಲ. ಇದು ಮ್ಯೂಸಿಯಂನ ಬಾಟ್ಲಿಯಲ್ಲಿರುವ ಹಾವನ್ನು ನೋಡುವವರ ಲೆಕ್ಕ.

ಹಳಬರು ಸಮುದ್ರ ಹಾವುಗಳಿಗೆ ಬೇರೆಯೇ ಕುಟುಂಬ ಮಾಡಿಟ್ಟಿದ್ದರು. ನೀರಿನಲ್ಲೇ ಹುಟ್ಟಿ, ನೀರಿನಲ್ಲೇ ಮರಿ ಹಾಕಿ, ಹುಟ್ಟಿನ ಬಾಲಕ್ಕೆ ದೋಣಿಯ ಹುಟ್ಟಿನ ಆಕಾರ ಬಂದ ಪ್ರಾಣಿಯನ್ನು ನೆಲದ ನಾಗರನ ಜೊತೆ ಇಡಲಿಕ್ಕೆ ಯಾರಿಗೂ ಮನಸ್ಸು ಬರಲಿಲ್ಲ. ಆಮೇಲೆ ಡಿಎನ್‌ಎ ಪರೀಕ್ಷೆ ಬಂತು. ಮರಿ ಹಾಕುವ ಸಮುದ್ರ ಹಾವುಗಳು ಆಸ್ಟ್ರೇಲಿಯಾ ಕಡೆಯ ನೆಲದ ಹಾವುಗಳಿಂದ ಕವಲೊಡೆದು ಕಡಲಿಗೆ ಇಳಿದವು ಎಂದು ಖಚಿತವಾಯಿತು. ಆ ನೆಲದ ಹಾವುಗಳು ನಾಗರ ಕುಟುಂಬದವೇ. ಹಾಗಾಗಿ ನಮ್ಮ ಕಟ್ಟು ಹಾವು ಸಮುದ್ರ ಹಾವಿಗೆ ಒಡಹುಟ್ಟಲ್ಲ, ದೂರದ ಮಾವನ ಮಗ ಅಂತ ಇಟ್ಟುಕೊಳ್ಳಬಹುದು. ಹತ್ತಿರದ ನೆಂಟರು ಇರುವುದು ಆಸ್ಟ್ರೇಲಿಯಾದಲ್ಲಿ. ಈ ಮಾತು ನೆನಪಿರಲಿ, ಔಷಧದ ವಿಷಯ ಬಂದಾಗ ಮತ್ತೆ ಬೇಕಾಗುತ್ತದೆ.

ಈ ಗುರುತು ಹಿಡಿಯುವ ಕೆಲಸಕ್ಕೆ ನಮ್ಮ ದೇಶದಲ್ಲಿ ಗಟ್ಟಿ ಅಡಿಪಾಯ ಹಾಕಿದವರು ಪ್ಯಾಟ್ರಿಕ್ ರಸೆಲ್ ಎಂಬ ಸ್ಕಾಟ್ಲೆಂಡಿನ ವೈದ್ಯರು. ಶಾಮ್ ನಾಡಿನ ಹಲಬ್ ಪಟ್ಟಣದಲ್ಲಿ, ಅಂದರೆ ಈಗಿನ ಸಿರಿಯಾದ ಅಲೆಪ್ಪೊದಲ್ಲಿ, ವರ್ಷಗಟ್ಟಲೆ ವೈದ್ಯರಾಗಿದ್ದು ಆಮೇಲೆ ವಿಶಾಖಪಟ್ಟಣದ ಕಡೆಗೆ ಬಂದವರು. ಈಸ್ಟ್ ಇಂಡಿಯಾ ಕಂಪೆನಿಯ ಕೆಲಸದಲ್ಲಿದ್ದಾಗ ಪೂರ್ವ ಕರಾವಳಿಯ ಹಾವುಗಳನ್ನು ಒಟ್ಟುಮಾಡಿ 1796ರಲ್ಲಿ ಬಣ್ಣದ ಚಿತ್ರಗಳಿರುವ ದೊಡ್ಡ ಪುಸ್ತಕ ತಂದರು. ಯಾವುದು ವಿಷದ್ದು, ಯಾವುದು ಅಲ್ಲ ಎಂಬುದನ್ನು ಜನ ನೋಡಿದ ಕೂಡಲೇ ತಿಳಿಯುವ ದಾರಿ ಬೇಕು ಎಂಬುದೇ ಅವರ ಹಟ. ಕೊಳಕು ಮಂಡಲಕ್ಕೆ ಇಂಗ್ಲಿಷಿನಲ್ಲಿ ಇವತ್ತಿಗೂ ರಸೆಲ್‌ರದ್ದೇ ಹೆಸರು.

ನಮಗೆ ಇಷ್ಟವಾದ ಸಂಗತಿ ಬೇರೆ. ರಸೆಲ್ ಹಾವುಗಳಿಗೆ ಲ್ಯಾಟಿನ್ ಹೆಸರು ಕೊಡುವ ಗೋಜಿಗೆ ಹೋಗದೆ, ಊರಿನವರು ಹೇಳಿದ ಹೆಸರನ್ನೇ ಬರೆದಿಟ್ಟರು. ಅವರು ಬರೆದ ಒಂದು ಸಮುದ್ರ ಹಾವಿನ ಹೆಸರು 'ವಲಕಡಿಯನ್'. ತಮಿಳು, ಮಲಯಾಳ ಕಿವಿಗೆ ಬಿದ್ದವರಿಗೆ ಇದು 'ಬಲೆ ಕಚ್ಚುವವನು' ಎಂದೇ ಕೇಳಿಸುತ್ತದೆ. 1827ರಲ್ಲಿ ಈ ಪದವೇ ಹೈಡ್ರೋಫಿಸ್ ವಲಕಡಿನ್ ಅಂತ ವಿಜ್ಞಾನದ ಹೆಸರೂ ಆಯಿತು. ಹೆಸರು ಕೊಟ್ಟ ಮೀನುಗಾರ ಯಾರೋ, ಅವನ ಹೆಸರು ಯಾರೂ ಬರೆದಿಡಲಿಲ್ಲ. ಆದರೆ ಈ ಹಾವು ಬಲೆಗೂ ಕಚ್ಚುತ್ತದೆ, ಬಲೆ ಎಳೆಯುವ ಕೈಗೂ ಕಚ್ಚುತ್ತದೆ ಎಂಬ ಅವನ ಎಚ್ಚರಿಕೆ ಮಾತ್ರ ಇನ್ನೂರು ವರ್ಷಗಳಿಂದ ಪುಸ್ತಕದಲ್ಲಿ ಕೂತಿದೆ. 'ಕಡಲಿನ ಹಾವು ಕಚ್ಚುವುದಿಲ್ಲ' ಅನ್ನುವವರಿಗೆ ಇದಕ್ಕಿಂತ ಹಳೆಯ ಉತ್ತರ ನಮಗೆ ಸಿಗಲಿಲ್ಲ.

ಬಲೆಗೆ ಬಿದ್ದದ್ದು ಯಾವುದು?

ಭಾರತದ ಕಡಲಿನಲ್ಲಿ ಸುಮಾರು 25 ಬಗೆಯ ಸಮುದ್ರ ಹಾವುಗಳು ದಾಖಲಾಗಿವೆ. ನಮ್ಮ ಪಶ್ಚಿಮ ಕರಾವಳಿಯ ಬಲೆಗಳಲ್ಲಿ ಹೆಚ್ಚಾಗಿ ಸಿಗುವುದು ಎರಡು. ಗೋವಾದಲ್ಲೂ ಮಹಾರಾಷ್ಟ್ರದ ಸಿಂಧುದುರ್ಗದಲ್ಲೂ ಬೋಟಿನವರ ಬಲೆಗಳನ್ನು ನೋಡಿ ಅಧ್ಯಯನ ಮಾಡಿದವರು ಈ ಎರಡನ್ನೇ ಮುಖ್ಯವಾಗಿ ಹೇಳಿದ್ದಾರೆ.

ಮೊದಲನೆಯದು ಆ ವಲಕಡಿಯನ್ನೇ. ಈಗಿನ ಹೆಸರು ಹೈಡ್ರೋಫಿಸ್ ಸ್ಕಿಸ್ಟೋಸಸ್. ಮೂತಿಯ ತುದಿ ಕೊಕ್ಕಿನ ಹಾಗೆ ಕೆಳಕ್ಕೆ ಬಾಗಿರುತ್ತದೆ. ಗದ್ದದ ನಡುವಿನ ಹುರುಪೆ ಸಣ್ಣ ಚೂರಾಗಿ ಒಂದು ಸೀಳಿನೊಳಗೆ ಹುದುಗಿರುತ್ತದೆ. ಸ್ಕಿಸ್ಟೋಸ್ ಅಂದರೆ ಗ್ರೀಕಿನಲ್ಲಿ ಸೀಳಿದ್ದು ಅಂತಲೇ ಅರ್ಥ. ಆ ಸೀಳಿನಿಂದಾಗಿ ಬಾಯಿ ಅಗಲವಾಗಿ ತೆರೆಯುತ್ತದೆ, ಮುಳ್ಳಿರುವ ಮೀನನ್ನೂ ನುಂಗುತ್ತದೆ. ಇದು ಆಳ ಸಮುದ್ರಕ್ಕಿಂತ ದಡದ ಹತ್ತಿರ, ಅಳಿವೆಯ ಕೆಸರು ನೀರಿನಲ್ಲಿ ಇರುವ ಹಾವು. ಕೈಬಲೆ ಬೀಸುವವರಿಗೂ ಸಿಗುತ್ತದೆ ಅನ್ನುವುದು ಅದಕ್ಕೇ. ಜಗತ್ತಿನಲ್ಲಿ ಸಮುದ್ರ ಹಾವು ಕಚ್ಚಿ ಆದ ಸಾವುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಇದೇ ಎಂದು ವೈದ್ಯಕೀಯ ಪುಸ್ತಕಗಳು ಹೇಳುತ್ತವೆ.

ಎರಡನೆಯದು ಹೈಡ್ರೋಫಿಸ್ ಕರ್ಟಸ್. ಗಿಡ್ಡ, ದಪ್ಪ, ದೊಡ್ಡ ತಲೆ. ಗಂಡು ಹಾವಿನ ಹೊಟ್ಟೆಯ ಬದಿಯ ಹುರುಪೆಗಳಲ್ಲಿ ಮುಳ್ಳಿನಂಥ ಮೊನೆ ಇರುತ್ತದೆ. ಇವೆರಡರ ಹೊರತಾಗಿ, ಮೇಲೆ ಕಪ್ಪು ಕೆಳಗೆ ಹಳದಿ ಇದ್ದು ಬಾಲದಲ್ಲಿ ಚುಕ್ಕೆಗಳಿರುವ ಹಾವೊಂದುಂಟು. ಅದು ನೀರಿನ ಮೇಲೆ ತೇಲಿಕೊಂಡು ಸಾಗರದಿಂದ ಸಾಗರಕ್ಕೆ ಹೋಗುವಂಥದ್ದು, ಅಪರೂಪಕ್ಕೆ ಅಲೆಯೊಟ್ಟಿಗೆ ದಡಕ್ಕೆ ಬಂದು ಬೀಳುತ್ತದೆ. 1766ರಲ್ಲಿ ಲಿನೇಯಸ್ ಇದಕ್ಕೆ 'ಚಪ್ಪಟೆ ಬಾಲದ್ದು' ಎಂಬ ಅರ್ಥದ ಹೆಸರು ಕೊಟ್ಟ. ಹೆಸರೇನೋ ಸರಿಯೇ, ಆದರೆ ಅದನ್ನು ಸೇರಿಸಿದ್ದು ಕಾಲಿಲ್ಲದ ಹಲ್ಲಿಗಳ ಗುಂಪಿಗೆ! ಇನ್ನು ಕೆಲವಕ್ಕೆ ತಲೆ ಹೆಬ್ಬೆರಳಿಗಿಂತ ಸಣ್ಣದು, ಕುತ್ತಿಗೆ ತೆಳ್ಳಗೆ, ಹಿಂಭಾಗ ಮಾತ್ರ ದಪ್ಪ. ಬಿಲದೊಳಗಿನ ಹಾವುಮೀನನ್ನು ಹಿಡಿಯಲಿಕ್ಕೆ ತಲೆ ತೂರಿಸಬೇಕಲ್ಲ, ಅದಕ್ಕೆ.

ಈ ಜಾತಿ ಲೆಕ್ಕವೆಲ್ಲ ಬೋಟಿನ ಮೇಲೆ ಬೇಡ. ಅಲ್ಲಿ ಬೇಕಾದ್ದು ಒಂದೇ ಗುರುತು, ಬಾಲ. ಸಮುದ್ರ ಹಾವಿನ ಬಾಲ ಎರಡೂ ಬದಿಯಿಂದ ಒತ್ತಿದ ಹಾಗೆ ಚಪ್ಪಟೆಯಾಗಿ, ದೋಣಿಯ ಹುಟ್ಟಿನ ಹಾಗೆ ಇರುತ್ತದೆ. ಹೊಟ್ಟೆಯಡಿಯ ಹುರುಪೆ ನೆಲದ ಹಾವಿನಷ್ಟು ಅಗಲ ಇರುವುದಿಲ್ಲ, ಹಾಗಾಗಿ ಡೆಕ್ಕಿನ ಮೇಲೆ ಹಾಕಿದರೆ ಸರಿಯಾಗಿ ಹರಿಯಲಿಕ್ಕೆ ಆಗದೆ ಒದ್ದಾಡುತ್ತದೆ. ಆ ಒದ್ದಾಟ ನೋಡಿಯೇ ನಮ್ಮವರು ಅದನ್ನು ಪಾಪದ ಹಾವು ಅಂತ ತೀರ್ಮಾನಿಸುವುದು.

ಅದರ ಜೊತೆ ಬರುವ ವೇಷಧಾರಿಗಳೂ ಇವೆ. ಹಾವುಮೀನಿಗೆ ರೆಕ್ಕೆಯ ಅಂಚು, ಕಿವಿರಿನ ತೂತು ಇರುತ್ತದೆ, ಮೈ ಲೋಳೆ. ಅದು ಮೀನು, ಹಾವಲ್ಲ. ಸಡಿಲ ಚೀಲದಂಥ ಚರ್ಮ, ಅರದ ಹಾಗೆ ಒರಟು ಮೈ ಇರುವ ಹಾವೂ ಅಳಿವೆಯಲ್ಲಿ ಸಿಗುತ್ತದೆ, ಅದಕ್ಕೆ ವಿಷವಿಲ್ಲ. ನಾಯಿಮುಖದ ನೀರು ಹಾವು ಕಾಂಡ್ಲಾ ಗಿಡಗಳ ಕೆಸರಿನಲ್ಲಿ ಇರುವಂಥದ್ದು, ಬಾಲ ಗುಂಡಗೆ, ವಿಷ ಬಹಳ ಸೌಮ್ಯ. ಮಸೀದಿಯ ಹೌಳಿಗೆ ಕಪ್ಪೆ ಹುಡುಕಿಕೊಂಡು ಬಂದು ಮಕ್ಕಳನ್ನು ಓಡಿಸುವ ನೀರೊಳ್ಳೆಗೂ ವಿಷವಿಲ್ಲ, ಕೋಪ ಮಾತ್ರ ಜಾಸ್ತಿ. ಆದರೆ ಬಾಲ ಗುಂಡಗೋ ಚಪ್ಪಟೆಯೋ ಅಂತ ಅನುಮಾನ ಬಂದರೆ ಕೈ ಹಾಕುವುದು ಬೇಡ, ಉದ್ದದ ಕೋಲಿನಿಂದ ಎತ್ತಿ ನೀರಿಗೆ ಬಿಡಿ. ಸತ್ತಿದೆ ಅಂತ ಕಂಡರೂ ಅಷ್ಟೇ. ಸತ್ತ ಹಾವಿನ ತಲೆಯೂ ಸ್ವಲ್ಪ ಹೊತ್ತು ಕಚ್ಚಬಲ್ಲದು.

ಬಯಲುಸೀಮೆಯ ನೆಂಟರು

ಈಗ ಘಟ್ಟದ ಮೇಲೆ ಹೋಗೋಣ. ಚಳ್ಳಕೆರೆ, ಮೊಳಕಾಲ್ಮೂರು ರಾಜ್ಯದಲ್ಲೇ ಬಹಳ ಕಡಿಮೆ ಮಳೆ ಬೀಳುವ ತಾಲೂಕುಗಳು. ಮಂಗಳೂರಿನಲ್ಲಿ ವರ್ಷಕ್ಕೆ 3000 ಮಿ.ಮೀ. ದಾಟಿ ಸುರಿಯುವ ಮಳೆಯನ್ನು ನೋಡಿ ಬೆಳೆದವರಿಗೆ ಆ ನೆಲ ಮೊದಲ ಸಲ ನೋಡುವಾಗ ಬೆಂದ ಹಾಗೆ ಕಾಣುತ್ತದೆ. ಶೇಂಗಾ ಹೊಲ, ಎಣ್ಣೆ ಮಿಲ್ಲು, ಕುರಿ ಹಿಂಡು, ಕಂಬಳಿ ಸಂತೆ, ಅಮೃತಮಹಲ್ ಕಾವಲಿನ ಹುಲ್ಲುಗಾವಲು. ಮೊಳಕಾಲ್ಮೂರಿನ ಕಡೆಗೆ ಹೋದರೆ ಬಂಡೆಗುಡ್ಡಗಳು, ಅಶೋಕನ ಶಾಸನ ಇರುವ ಬ್ರಹ್ಮಗಿರಿ, ರೇಷ್ಮೆ ಸೀರೆಯ ಮಗ್ಗಗಳು. ಹಗರಿ ಎಂದೂ ಕರೆಸಿಕೊಳ್ಳುವ ವೇದಾವತಿಯ ನೀರು, ಹರಿದರೆ, ತುಂಗಭದ್ರೆ ಸೇರಿ, ಕೃಷ್ಣೆ ಸೇರಿ ರಸೆಲ್ ಹಾವು ಒಟ್ಟುಮಾಡಿದ ಪೂರ್ವ ಕರಾವಳಿಗೆ ಹೋಗುತ್ತದೆ. ನಮ್ಮ ಕಡಲಿಗೆ ಒಂದು ಹನಿಯೂ ಬರುವುದಿಲ್ಲ.

ಆಂಧ್ರದ ಗಡಿ ಆದ ಕಾರಣ ಅಲ್ಲಿ ಹಾವಿಗೆ ಎರಡು ಭಾಷೆಯ ಹೆಸರು. ಕನ್ನಡದ ಕಟ್ಟು ಹಾವು ತೆಲುಗಿನವರಿಗೆ ಕಟ್ಲಪಾಮು. ದಕ್ಷಿಣ ಕನ್ನಡದ ನಮಗೆ ಅದೇ ಹಾವು ಕಡಂಬಳ. ಹೆಸರು ಗೊತ್ತಿಲ್ಲದ ಹುಡುಗ ಊರಿಗೆ ಫೋನ್ ಮಾಡಿ "ಕಟ್ಲಪಾಮು ಬಂದಿತ್ತಂತೆ" ಅಂದರೆ ಮನೆಯವರಿಗೆ ತಲೆಬುಡ ಗೊತ್ತಾಗಲಿಕ್ಕಿಲ್ಲ. ಕಡಂಬಳ ಅಂದರೆ ಉಮ್ಮ ಆ ರಾತ್ರಿ ನಿದ್ರೆ ಮಾಡುವುದಿಲ್ಲ.

ಕಟ್ಟು ಹಾವು ಹೊಳೆಯುವ ಕಪ್ಪು, ಕೆಲವೊಮ್ಮೆ ನೀಲಿ ಛಾಯೆಯ ಕಪ್ಪು. ಅದರ ಮೇಲೆ ತೆಳ್ಳಗಿನ ಬಿಳಿ ಗೆರೆಗಳು, ಹೆಚ್ಚಾಗಿ ಜೋಡಿ ಜೋಡಿಯಾಗಿ. ತಲೆಯ ಕಡೆ ಗೆರೆ ಮಾಸಿರುತ್ತದೆ ಅಥವಾ ಇರುವುದೇ ಇಲ್ಲ, ಬಾಲದ ಕಡೆ ಹೋದಂತೆ ಸ್ಪಷ್ಟ. ಬೆನ್ನಿನ ನಟ್ಟನಡುವೆ ಆರು ಮೂಲೆಯ ದೊಡ್ಡ ಹುರುಪೆಗಳ ಒಂದು ಸಾಲು ಓಡುತ್ತದೆ. ಇದರ ವೇಷ ಹಾಕುವುದು ತೋಳ ಹಾವು. ವಿಷವಿಲ್ಲದ, ಗೋಡೆ ಹತ್ತಿ ಹಲ್ಲಿ ಹಿಡಿಯುವ ಬಡಪಾಯಿ. ಅದರ ಪಟ್ಟೆ ಉಲ್ಟಾ. ತಲೆಯ ಹತ್ತಿರ ಅಗಲ, ಬಾಲದ ಕಡೆ ಮಾಸಲು. ಬೆನ್ನಿನ ನಡುವೆ ದೊಡ್ಡ ಹುರುಪೆಯ ಸಾಲಿಲ್ಲ. ಹೇಳಲಿಕ್ಕೆ ಇಷ್ಟು ಸುಲಭ, ಆದರೆ ರಾತ್ರಿ ಎರಡು ಗಂಟೆಗೆ ಮೊಬೈಲ್ ಟಾರ್ಚಿನ ಬೆಳಕಿನಲ್ಲಿ ಎರಡೂ ಒಂದೇ ತರ ಕಾಣುತ್ತವೆ. ತೋಳ ಹಾವು ಅಂತ ಕಟ್ಟು ಹಾವನ್ನು ಕೈಯಲ್ಲಿ ಹಿಡಿದು ಜೀವ ಕಳೆದುಕೊಂಡ ಹಾವು ಹಿಡಿಯುವವರೂ ಇದ್ದಾರೆ. ಯೂಟ್ಯೂಬ್ ನೋಡಿ ಹಾವು ಹಿಡಿಯಲಿಕ್ಕೆ ಹೊರಡುವ ನಮ್ಮ ಹುಡುಗರು ಇದನ್ನು ಎರಡು ಸಲ ಓದಲಿ.

ನಾಗರನನ್ನು ವರ್ಣಿಸಬೇಕಾಗಿಲ್ಲ. ಅಲ್ಲಿಯ ಇನ್ನೆರಡು ಅಪಾಯದ ಹಾವುಗಳು ಮಂಡಲ ಕುಟುಂಬದವು. ಒಂದು ಕೊಳಕು ಮಂಡಲ, ಕುಕ್ಕರಿನ ಸೀಟಿಯ ಹಾಗೆ ಬುಸುಗುಟ್ಟುವ ದಪ್ಪ ಹಾವು. ಇನ್ನೊಂದು ಗರಗಸ ಮಂಡಲ. ಕಲ್ಲುಗುಡ್ಡ, ಒಣನೆಲ ಇದಕ್ಕೆ ಬಹಳ ಇಷ್ಟ. ಒಂದೂವರೆ ಅಡಿಯೂ ಇರದ ಸಣ್ಣ ಹಾವು, ಮೈಯ ಸುರುಳಿಗಳನ್ನು ಒಂದಕ್ಕೊಂದು ತಿಕ್ಕಿ ಗರಗಸದಂಥ ಸದ್ದು ಮಾಡುತ್ತದೆ. ಕರಾವಳಿಯ ಹಸಿ ನೆಲದಲ್ಲಿ ಬೆಳೆದ ನಮ್ಮವರು ಇದನ್ನು ನೋಡಿರುವುದು ಕಡಿಮೆ. ಸಣ್ಣ ಮರಿ ಅಂತ ಕಡೆಗಣಿಸುವುದು ಅದಕ್ಕೇ.

ಒಂದು ಮಾತು ಬದಿಗೆ ಹೇಳಿಬಿಡುತ್ತೇವೆ. ಬಯಲುಸೀಮೆಯಲ್ಲಿ ಮೊಂಡು ಬಾಲದ ಮಣ್ಣುಮುಕ್ಕ ಹಾವೂ ಇದೆ. ಎರಡು ತಲೆಯ ಹಾವು, ಕೋಟಿ ಬೆಲೆ, ನಿಧಿ ತೋರಿಸುತ್ತದೆ ಅಂತ ವ್ಯಾಪಾರಸ್ಥರ ಕಿವಿಗೆ ಗಾಳಿ ಹಾಕುವವರೂ ಇದ್ದಾರೆ. ಅದಕ್ಕಿರುವುದು ಒಂದೇ ತಲೆ, ವಿಷವೂ ಇಲ್ಲ, ನಿಧಿಯೂ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೆಳಗೆ ಕೇಸು ಮಾತ್ರ ಗ್ಯಾರಂಟಿ.

ನೋವಿಲ್ಲದ ಕಡಿತ

ಇಷ್ಟು ದೂರ ಕುಟುಂಬದ ಲೆಕ್ಕ ಹೇಳಿದ್ದು ಈ ಭಾಗಕ್ಕಾಗಿ. ಹಾವು ಕಚ್ಚಿದರೆ ಬಾತುಕೊಳ್ಳುತ್ತದೆ, ಉರಿಯುತ್ತದೆ, ರಕ್ತ ಬರುತ್ತದೆ ಎಂಬುದು ನಮ್ಮ ತಲೆಯಲ್ಲಿರುವ ಚಿತ್ರ. ಅದು ಮಂಡಲ ಕುಟುಂಬದ ಚಿತ್ರ. ನಾಗರ ಹಾವು ಕಚ್ಚಿದರೂ ಬಾವು ಬರುವುದುಂಟು. ಆದರೆ ಕಟ್ಟು ಹಾವು ಮತ್ತು ಸಮುದ್ರ ಹಾವು ಕಚ್ಚಿದಲ್ಲಿ ನೋವು ಇಲ್ಲವೆನ್ನುವಷ್ಟು ಕಡಿಮೆ, ಬಾವು ಇಲ್ಲ. ಹಲ್ಲಿನ ಗುರುತು ಸಿಗದೇ ಇರಬಹುದು. ಮುಳ್ಳು ತಾಗಿರಬೇಕು, ಇಲಿ ಕಚ್ಚಿರಬೇಕು, ಸೊಳ್ಳೆ ಇರಬೇಕು ಅಂತ ಜನ ಮತ್ತೆ ಮಲಗುತ್ತಾರೆ.

ಕಟ್ಟು ಹಾವು ರಾತ್ರಿ ಸಂಚಾರಿ. ಮಳೆಗಾಲದ ರಾತ್ರಿಗಳಲ್ಲಿ, ನೆಲದಲ್ಲಿ ಮಲಗಿದವರನ್ನು ನಿದ್ರೆಯಲ್ಲೇ ಕಚ್ಚುವುದು ಇದರ ಕುಖ್ಯಾತಿ. ಸುಬ್‌ಹಿ ಬಾಂಗಿನ ಹೊತ್ತಿಗೆ ಎದ್ದವನಿಗೆ ಹೊಟ್ಟೆ ನೋವು, ವಾಂತಿ. ರಾತ್ರಿ ತಿಂದದ್ದು ಆಗಲಿಲ್ಲ ಅಂತ ಗ್ಯಾಸಿನ ಮಾತ್ರೆ ಕೊಡುತ್ತಾರೆ. ಸ್ವಲ್ಪ ಹೊತ್ತಿಗೆ ಕಣ್ಣಿನ ರೆಪ್ಪೆ ಬಿಡಿಸಲಿಕ್ಕೆ ಆಗುವುದಿಲ್ಲ, ಒಂದು ವಸ್ತು ಎರಡಾಗಿ ಕಾಣುತ್ತದೆ, ನಾಲಗೆ ತೊದಲುತ್ತದೆ, ಉಗುಳು ನುಂಗಲಾಗುವುದಿಲ್ಲ. ಆಮೇಲೆ ಉಸಿರಾಟದ ಸ್ನಾಯುಗಳು. ನೆಲದಲ್ಲಿ ಮಲಗಿದವನು ಬೆಳಿಗ್ಗೆ ಕಾರಣವಿಲ್ಲದೆ ಹೊಟ್ಟೆ ನೋವು ಅಂದು ರೆಪ್ಪೆ ಇಳಿಬಿಟ್ಟರೆ, ಹಾವನ್ನು ಯಾರೂ ನೋಡದಿದ್ದರೂ ಅದು ಕಟ್ಟು ಹಾವಿನ ಕಡಿತವೆಂದೇ ತಿಳಿದು ಆಸ್ಪತ್ರೆಗೆ ಓಡಬೇಕು.

ಸಮುದ್ರ ಹಾವಿನ ವಿಷಕ್ಕೆ ಇನ್ನೊಂದು ಗುಣ ಇದೆ. ಅದು ಸ್ನಾಯುವನ್ನೇ ಕರಗಿಸುತ್ತದೆ. 1950ರ ದಶಕದಿಂದ ಮಲೇಷ್ಯಾದ ಪೆನಾಂಗಿನಲ್ಲಿ ಮೀನುಗಾರರ ಕಡಿತಗಳನ್ನು ಒಂದೊಂದಾಗಿ ಬರೆದಿಟ್ಟ ವೈದ್ಯ ಅಲಿಸ್ಟೇರ್ ರೀಡ್ ಇದನ್ನು ಸ್ಪಷ್ಟವಾಗಿ ತೋರಿಸಿದರು. ಅರ್ಧ ಗಂಟೆಯಿಂದ ಕೆಲವು ಗಂಟೆಗಳೊಳಗೆ ಮೈಕೈ ನೋವು, ಕುತ್ತಿಗೆ ಬಿಗಿತ, ದವಡೆ ತೆರೆಯಲಾಗದ ಹಾಗೆ ಆಗುವುದು, ಆಮೇಲೆ ಮೂತ್ರ ಕಂದು ಅಥವಾ ಕಪ್ಪು ಬಣ್ಣಕ್ಕೆ ತಿರುಗುವುದು. ಕರಗಿದ ಸ್ನಾಯುವಿನ ಅಂಶ ಮೂತ್ರಪಿಂಡಕ್ಕೆ ಹೋಗಿ ಅದನ್ನು ಕೆಡಿಸುತ್ತದೆ. ರೀಡ್ ಇನ್ನೂ ಒಂದು ಮಾತು ಹೇಳಿದರು. ಸಮುದ್ರ ಹಾವು ಕಚ್ಚಿದಾಗ ಹೆಚ್ಚಿನ ಸಲ ವಿಷ ಬಿಡುವುದೇ ಇಲ್ಲ, ಬಿಟ್ಟರೂ ಅಲ್ಪ. ದಕ್ಕೆಯಲ್ಲಿ 'ಕಚ್ಚಿದರೂ ಎಂತ ಆಗುವುದಿಲ್ಲ' ಎಂಬ ಧೈರ್ಯ ಹುಟ್ಟಿದ್ದು ಇಲ್ಲಿಂದಲೇ ಇರಬೇಕು. ಹತ್ತು ಸಲ ಏನೂ ಆಗದೆ ಹೋದದ್ದನ್ನು ಕಂಡವನು ಹನ್ನೊಂದನೆಯ ಸಲವೂ ಕೈ ಹಾಕುತ್ತಾನೆ.

ಇನ್ನು ಔಷಧ. ನಮ್ಮ ದೇಶದ ಆಸ್ಪತ್ರೆಗಳಲ್ಲಿ ಸಿಗುವ ಪ್ರತಿವಿಷ ತಯಾರಾಗುವುದು ನಾಲ್ಕು ಹಾವುಗಳ ವಿಷದಿಂದ. ನಾಗರ, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ. ಆ ವಿಷ ಬಹುಪಾಲು ಬರುವುದು ತಮಿಳುನಾಡಿನಲ್ಲಿ 1978ರಲ್ಲಿ ಶುರುವಾದ ಇರುಳರ ಸಹಕಾರ ಸಂಘದಿಂದ. ಚಳ್ಳಕೆರೆಯಲ್ಲಿ ಕಚ್ಚಬಹುದಾದ ನಾಲ್ಕು ದೊಡ್ಡ ಅಪಾಯಗಳೂ ಈ ಪಟ್ಟಿಯಲ್ಲಿವೆ. ಸಮುದ್ರ ಹಾವು ಒಂದೂ ಇಲ್ಲ. ಕಾಳಿಂಗವೂ ಇಲ್ಲ. ಸಮುದ್ರ ಹಾವಿನ ಪ್ರತಿವಿಷ ತಯಾರಾದದ್ದು ಅದರ ಹತ್ತಿರದ ನೆಂಟರಿರುವ ಆಸ್ಟ್ರೇಲಿಯಾದಲ್ಲಿ. ಅದಕ್ಕೆ ಬಳಸಿದ್ದು ಆ ವಲಕಡಿಯನ್ ಹಾವಿನ ವಿಷವನ್ನೇ. ನಮ್ಮ ಕರಾವಳಿಯಲ್ಲಿ ಕಚ್ಚಿದರೆ ವೈದ್ಯರು ಮಾಡಬಹುದಾದ್ದು ಉಸಿರು ನಿಲ್ಲದಂತೆ ವೆಂಟಿಲೇಟರ್, ಮೂತ್ರಪಿಂಡ ಸೋತರೆ ಡಯಾಲಿಸಿಸ್. ಇದರಲ್ಲೂ ಜನ ಬದುಕುತ್ತಾರೆ. ಆದರೆ ಹಾಗೆ ಬದುಕಬೇಕಾದರೆ ಡಯಾಲಿಸಿಸ್ ಇರುವ ಆಸ್ಪತ್ರೆಗೆ ಬೇಗ ತಲುಪಬೇಕು, 'ಕಡಲಿನ ಹಾವು ಕಚ್ಚಿದ್ದು' ಅಂತ ವೈದ್ಯರಿಗೆ ಹೇಳಲೂಬೇಕು. ಇಲ್ಲವಾದರೆ ಕೆಲಸಕ್ಕೆ ಬಾರದ ಪ್ರತಿವಿಷ ಏರಿಸುತ್ತಾ ಕೂರುವ ಹಾಗಾಗುತ್ತದೆ.

ಹಾವಿನ ಜಾತಿ ಸರಿಯಾಗಿ ಬಿಡಿಸದಿದ್ದರೆ ಎಷ್ಟು ಗೊಂದಲ ಅನ್ನುವುದಕ್ಕೆ ಇದೇ ಹಾವು ಸಾಕ್ಷಿ. ಏಷ್ಯಾದ ವಲಕಡಿಯನ್ ಮತ್ತು ಆಸ್ಟ್ರೇಲಿಯಾ ಕಡೆಯ ವಲಕಡಿಯನ್ ಒಂದೇ ಅಂತ ಎಲ್ಲರೂ ನಂಬಿದ್ದರು. ಮೂತಿ, ಗದ್ದ, ಸೀಳು ಎಲ್ಲ ಒಂದೇ ತರ. 2013ರಲ್ಲಿ ಶ್ರೀಲಂಕಾದ ಕನಿಷ್ಕ ಉಕುವೆಲ ಮತ್ತು ಜೊತೆಗಾರರು ಡಿಎನ್‌ಎ ನೋಡಿ ಇವು ಎರಡು ಬೇರೆ ಬೇರೆ ಜಾತಿ, ಒಂದೇ ತರದ ಬೇಟೆ ಹಿಡಿದು ಹಿಡಿದು ಒಂದೇ ತರದ ಮುಖ ಬಂದಿದೆ ಅಷ್ಟೇ ಅಂತ ತೋರಿಸಿದರು. ನೆಲದ ಹಾವಿನಲ್ಲೂ ಇಂಥ ಗೊಂದಲ ಇದೆ. ಚಳ್ಳಕೆರೆ ತಾಲೂಕಿನ ಕುದಾಪುರದಲ್ಲಿ ಎರಡನೇ ಕ್ಯಾಂಪಸ್ ಇರುವ ಭಾರತೀಯ ವಿಜ್ಞಾನ ಸಂಸ್ಥೆಯ ಬೆಂಗಳೂರಿನ ಪ್ರಯೋಗಾಲಯದಲ್ಲಿ ಕಾರ್ತಿಕ್ ಸುಣಗಾರ್ ಅವರ ತಂಡ ಹಾವಿನ ವಿಷ ಪರೀಕ್ಷಿಸುತ್ತಿದೆ. ಒಂದೇ ಜಾತಿಯ ಹಾವಿನ ವಿಷವೂ ಊರಿಂದ ಊರಿಗೆ ಬದಲಾಗುತ್ತದೆ, ಪಟ್ಟಿಯಲ್ಲಿ ಇಲ್ಲದ ನೆಂಟರ ವಿಷಕ್ಕೆ ಈಗಿನ ಪ್ರತಿವಿಷ ಸಾಲುವುದಿಲ್ಲ ಎಂದು ಅವರು 2019ರಲ್ಲಿ ಪ್ರಕಟಿಸಿದರು. 2000ದಿಂದ 2019ರ ನಡುವೆ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ವರ್ಷಕ್ಕೆ ಸರಾಸರಿ 58,000 ಅನ್ನುವ ಅಂದಾಜು ಇದೆ. ಈ ಲೆಕ್ಕ ದೊಡ್ಡ ಆಸ್ಪತ್ರೆಯ ಪುಸ್ತಕದಲ್ಲಿ ಬರುವುದಕ್ಕಿಂತ ಹಳ್ಳಿಮನೆಯ ಅಂಗಳದಲ್ಲೇ ಮುಗಿದು ಹೋದದ್ದು ಹೆಚ್ಚು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿದ್ದು ಈ ಲೆಕ್ಕ ಸಿಗಲಿ ಅಂತಲೇ.

ಕಚ್ಚಿದ ಮೇಲೆ

ಹಾವನ್ನು ಹೊಡೆದು ಕವರಿನಲ್ಲಿ ಹಾಕಿ ಆಸ್ಪತ್ರೆಗೆ ತರುವುದು ಬೇಡ. ಅದರ ಬೆನ್ನು ಹತ್ತಿ ಇನ್ನೊಬ್ಬ ಕಚ್ಚಿಸಿಕೊಂಡದ್ದೂ ಇದೆ. ದೂರದಿಂದ ಫೋಟೋ ಸಿಕ್ಕರೆ ತೆಗೆಯಿರಿ, ಸಿಗದಿದ್ದರೆ ಬಿಡಿ. ವೈದ್ಯರು ಲಕ್ಷಣ ನೋಡಿಯೇ ಕುಟುಂಬ ಹೇಳುತ್ತಾರೆ. ರೆಪ್ಪೆ ಇಳಿದರೆ ನಾಗರ ಕುಟುಂಬ. ಒಣಗಿದ ಗಾಜಿನ ನಳಿಕೆಯಲ್ಲಿ ರಕ್ತ ಹಾಕಿ 20 ನಿಮಿಷ ಅಲ್ಲಾಡಿಸದೆ ಇಟ್ಟು, ಅದು ಹೆಪ್ಪುಗಟ್ಟದಿದ್ದರೆ ಮಂಡಲ ಕುಟುಂಬ. ಇದಕ್ಕೆ ದೊಡ್ಡ ಯಂತ್ರ ಬೇಡ, ತಾಲೂಕು ಆಸ್ಪತ್ರೆಯಲ್ಲೂ ಆಗುತ್ತದೆ.

ಉಂಗುರ, ಬಳೆ, ವಾಚು ತೆಗೆಯಿರಿ. ಕಚ್ಚಿದ ಕೈಕಾಲಿಗೆ ಹಲಗೆ ಕಟ್ಟಿ ಅಲ್ಲಾಡದ ಹಾಗೆ ಮಾಡಿ. ನಡೆಸಬೇಡಿ. ಹಗ್ಗ ಬಿಗಿಯುವುದು, ಬ್ಲೇಡಿನಲ್ಲಿ ಕೊಯ್ಯುವುದು, ಬಾಯಲ್ಲಿ ಹೀರುವುದು, ನಾಟಿ ಮದ್ದು ಅರೆದು ಹಚ್ಚುವುದು ಯಾವುದೂ ಬೇಡ. ಓದಿ ಊದಿಸಲಿಕ್ಕೆ ಉಸ್ತಾದರ ಮನೆಗೆ ಮೊದಲು ಹೋಗುವವರಿಗೆ ನಮ್ಮದೊಂದು ಕೋರಿಕೆ. ಉಸ್ತಾದರನ್ನೇ ಗಾಡಿಗೆ ಕರೆದುಕೊಳ್ಳಿ, ದುಆ ಆಸ್ಪತ್ರೆಯ ದಾರಿಯಲ್ಲೇ ಆಗಲಿ. 108ಕ್ಕೆ ಫೋನ್ ಮಾಡಿ. ಕಚ್ಚಿದ ಸಮಯ ಬರೆದಿಟ್ಟುಕೊಳ್ಳಿ. ಪ್ರತಿವಿಷ ಶುರುವಿಗೆ ಸಾಮಾನ್ಯವಾಗಿ 8ರಿಂದ 10 ಬಾಟ್ಲಿ ಬೇಕಾಗುತ್ತದೆ. ಮಕ್ಕಳಿಗೂ ಅಷ್ಟೇ, ಹಾವು ಮಗು ಅಂತ ವಿಷ ಕಡಿಮೆ ಬಿಡುವುದಿಲ್ಲವಲ್ಲ.

ಅಂಗಡಿಯಲ್ಲಿ ಮಲಗುವ ಹುಡುಗರಿಗೆ ಒಂದು ಮಡಚುವ ಮಂಚ, ಒಂದು ಸೊಳ್ಳೆಪರದೆ ಸಾಕು. ಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸೇರಿಸಿದರೆ ಕಟ್ಟು ಹಾವು ಒಳಗೆ ಬರಲಾರದು. ಮಗ್ಗದ ಗುಂಡಿಗೆ ಕಾಲು ಇಳಿಸುವ ಮೊದಲು, ಶೇಂಗಾ ಮೂಟೆ ಎತ್ತುವ ಮೊದಲು ಟಾರ್ಚು ಹಾಕಿ ನೋಡುವುದು ಆ ಊರಿನ ಹಳಬರ ರೂಢಿ. ಕಲಿಯಬಹುದು. ಮಾಲೀಕರಾಗಿರುವ ನಮ್ಮವರು ಹುಡುಗರಿಗೆ ಮಂಚ ಕೊಡಿಸುವುದನ್ನು ಖರ್ಚು ಅಂತ ಲೆಕ್ಕ ಹಾಕಬಾರದು ಎಂಬುದು ನಮ್ಮ ಅಭಿಪ್ರಾಯ.

ಇನ್ನೊಂದು ವಿಷಯ ಆಸ್ಪತ್ರೆಯ ವರಾಂಡದಲ್ಲಿ ಕಾಯುವವರಿಗೆ. ಕಟ್ಟು ಹಾವು ಕಚ್ಚಿದವರು ವೆಂಟಿಲೇಟರಿನಲ್ಲಿ ಮಲಗಿರುವಾಗ ಕಣ್ಣು ತೆರೆಯುವುದಿಲ್ಲ, ಬೆರಳು ಅಲ್ಲಾಡಿಸುವುದಿಲ್ಲ, ಕಣ್ಣಿಗೆ ಬೆಳಕು ಬಿಟ್ಟರೂ ಪಾಪೆ ಕುಗ್ಗದೇ ಇರಬಹುದು. ನೋಡಿದರೆ ಎಲ್ಲ ಮುಗಿಯಿತು ಅನಿಸುತ್ತದೆ. ಮನೆಯವರು ಡಿಸ್ಚಾರ್ಜ್ ಕೇಳುವುದು, ಊರಿಗೆ ಕರೆದುಕೊಂಡು ಹೋಗುತ್ತೇವೆ ಅನ್ನುವುದು ಈ ಹಂತದಲ್ಲೇ. ವಿಷ ಕಟ್ಟಿಹಾಕಿರುವುದು ನರ ಮತ್ತು ಸ್ನಾಯು ಸೇರುವ ಜಾಗವನ್ನು, ಮೆದುಳನ್ನಲ್ಲ. ಆ ಜಾಗ ಮತ್ತೆ ಚಿಗುರಲಿಕ್ಕೆ ಕೆಲವು ದಿನ ಹಿಡಿಯುತ್ತದೆ, ಅಷ್ಟು ದಿನ ಯಂತ್ರ ಉಸಿರು ಕೊಟ್ಟರೆ ಎದ್ದು ಕೂತವರು ಬಹಳ ಮಂದಿ. ಹಾಸಿಗೆಯ ಪಕ್ಕ ನಿಂತು ನಾವು ಆಡುವ ಮಾತು ಅಷ್ಟು ದಿನವೂ ಅವರಿಗೆ ಕೇಳಿಸುತ್ತಿರುತ್ತದೆ.